ದುಡ್ಡು-ಕಾಸು ಪ್ರಶ್ನೋತ್ತರ: ಆಸ್ಪತ್ರೆ ಕಟ್ಟಡದ ಕಂಪನಿ ಗಟ್ಟಿ ಇದ್ಯಾ ಅಂತ ನೋಡೋದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ವು, ಹಾಗಾಗಿ ಉಳಿದವನ್ನ ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೇ ಪೂರ್ತಿ ಜಾಗ ಕೊಟ್ಟಿದ್ದೇನೆ. ಹೆಸರು ಹಾಕ್ಬೇಡಿ ಅಂತ ಎಲ್ರೂ ಕೇಳ್ಕೊಂಡಿದಾರೆ, ಊರು ಮಾತ್ರ ಹಾಕಿದ್ದೇನೆ.

ಪ್ರಶ್ನೆ: ನಮ್ದು ಎರಡೆಕರೆ ಅಡಿಕೆ ತೋಟ. ಈ ಸಲ ಚಾಲಿಗೆ ರೇಟು ಅಡ್ಡಿಲ್ಲ ಅನ್ನೋ ಹಾಗೆ ಸಿಕ್ತು, ಸೊಸೈಟಿ ಸಾಲ ಚುಕ್ತಾ ಮಾಡಿ ಸ್ವಲ್ಪ ಉಳ್ದಿದೆ. ಅಮೆರಿಕಾದಲ್ಲಿರೋ ಮಗ ಹೇಳ್ತಾನೆ, ಅಲ್ಲಿ ಆಸ್ಪತ್ರೆ ಕಟ್ಟಡ ಕೊಂಡು ಬಾಡಿಗೆಗೆ ಕೊಡೋ ಕಂಪನಿಗಳಿದಾವೆ, ವರ್ಷಕ್ಕೆ ನೂರಕ್ಕೆ ಎಂಟು-ಹತ್ತು ಡಿವಿಡೆಂಡ್ ಬರ್ತದೆ, ಜನಕ್ಕೆ ಕಾಯಿಲೆ ಬರೋದು ನಿಲ್ಲೋದಿಲ್ಲ ಹಾಗಾಗಿ ಸೇಫು ಅಂತ. ಒಂದು ಕಂಪನಿಯ ಲೆಕ್ಕಪತ್ರ ಕಳ್ಸಿದಾನೆ, ನೋಡಿದ್ರೆ ಲಾಭಕ್ಕಿಂತ ಡಿವಿಡೆಂಡೇ ಜಾಸ್ತಿ ಇದೆ! ಇದೆಂತ ಲೆಕ್ಕ? (ಶಿರಸಿ)

ಉತ್ತರ: ಅಣ್ಣಾ, ನೀವು ಸರಿಯಾದ ಜಾಗದಲ್ಲೇ ಬೆರಳಿಟ್ಟಿದೀರಿ. ಈ ನಮೂನೆ ಕಂಪನಿಗೆ ರೀಟ್ ಅಂತ ಕರೀತಾರೆ, ಅಮೆರಿಕಾದಲ್ಲಿ 1960ರಲ್ಲೇ ಇದಕ್ಕೆ ಕಾನೂನು ಬಂತು, ನಮ್ಮಲ್ಲಿ ಶೇರು ಮಾರ್ಕೆಟ್ ಮೇಲೆ ಕಣ್ಣಿಡೋ ಸೆಬಿ ನಿಯಮ ಮಾಡಿದ್ದು 2014ರಲ್ಲಿ, ಮೊದಲನೇದಾಗಿ ಶೇರು ಮಾರ್ಕೆಟ್‌ಗೆ ಬಂದಿದ್ದು 2019ರಲ್ಲಿ ಬೆಂಗಳೂರಿನ ಎಂಬೆಸಿ. ನಮ್ಮ ಮಾರ್ಕೆಟ್‌ನಲ್ಲಿ ಇರೋದೆಲ್ಲ ಆಫೀಸು, ಮಾಲು. ಆಸ್ಪತ್ರೆ, ವೃದ್ಧರ ಮನೆ, ಡಾಕ್ಟರ್ ಕ್ಲಿನಿಕ್ ಕಟ್ಟಡಗಳದ್ದೇ ಬೇಕು ಅಂದ್ರೆ ವೆಲ್‌ಟವರ್, ವೆಂಟಾಸ್, ಒಮೇಗಾ ಅಂತೆಲ್ಲ ಅಮೆರಿಕಾದವು, ಸಿಂಗಾಪುರದಲ್ಲಿ ಪಾರ್ಕ್‌ವೇ ಲೈಫ್. ಅಮೆರಿಕಾದ ಮುಖ್ಯ ನಿಯಮ ಎಂತಪ್ಪಾ ಅಂದ್ರೆ ತೆರಿಗೆ ಲೆಕ್ಕದ ಆದಾಯದಲ್ಲಿ ನೂರಕ್ಕೆ 90 ಪಾಲು ಶೇರುದಾರರಿಗೆ ಹಂಚಲೇಬೇಕು, ಹಂಚಿದ್ದಕ್ಕೆ ಕಂಪನಿ ತೆರಿಗೆ ಕಟ್ಟೋದು ಬೇಡ. ಕೇಳೋದಕ್ಕೆ ಚಂದ, ಆದ್ರೆ ಇದರ ಇನ್ನೊಂದು ಮಗ್ಗಲು ನೋಡಿ, ಕಂಪನಿ ಕೈಯಲ್ಲಿ ಕೂಡಿಡೋದಕ್ಕೆ ಹೆಚ್ಚೇನೂ ಉಳಿಯೋದಿಲ್ಲ, ಹೊಸ ಕಟ್ಟಡ ಕೊಳ್ಬೇಕು ಅಂದ್ರೆ ಬಹುಮಟ್ಟಿಗೆ ಸಾಲ ತರ್ಬೇಕು ಇಲ್ಲಾ ಹೊಸ ಶೇರು ಮಾರ್ಬೇಕು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಕಟ್ಟಡ ವರ್ಷ ವರ್ಷ ಸವೀತದೆ ಅಂತ ಲೆಕ್ಕದಲ್ಲಿ ಡಿಪ್ರಿಸಿಯೇಶನ್ ಕಳೀತಾರೆ, ಆ ದುಡ್ಡು ಕೈಯಿಂದ ಹೋಗಿರೋದಿಲ್ಲ, ಬರೀ ಕಾಗದದ ಮೇಲೆ. ಹಾಗಾಗಿ ಲಾಭ ಕಮ್ಮಿ ಕಾಣ್ತದೆ. ಅದಕ್ಕೇ ಈ ಕಂಪನಿಗಳನ್ನ ಅಳೆಯೋದಕ್ಕೆ ಎಫ್‌ಎಫ್‌ಓ ಅಂತ ಬೇರೆ ಅಳತೆ 1991ರಿಂದ ಬಳಕೆಯಲ್ಲಿದೆ. ಲಾಭಕ್ಕೆ ಡಿಪ್ರಿಸಿಯೇಶನ್ ವಾಪಸ್ ಕೂಡ್ಸೋದು, ಕಟ್ಟಡ ಮಾರಿ ಬಂದ ಲಾಭ ಇದ್ರೆ ಅದನ್ನ ಕಳೆಯೋದು, ಯಾಕಂದ್ರೆ ಅದು ಒಂದು ಸಲದ್ದು. ಆದ್ರೆ ಇಲ್ಲಿಗೇ ನಿಲ್ಬೇಡಿ ಅಂತ ನಾನು ಕೈ ಹಿಡ್ದು ಹೇಳ್ತೇನೆ. ನಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಹೆಂಚು ಇಳಿಸಿ, ಗೆದ್ದಲು ತಿಂದ ರೀಪು ಬದಲಾಯ್ಸಿ, ಒಡೆದ ಹೆಂಚು ತೆಗ್ದು ಮತ್ತೆ ಹೊದೆಸ್ತೇವಲ್ಲ, ಆ ಖರ್ಚು ಕಾಗದದ್ದಲ್ಲ, ಕೂಲಿಯವರಿಗೆ ಸಂಜೆಯೇ ಕೊಡ್ಬೇಕು. ಆಸ್ಪತ್ರೆ ಕಟ್ಟಡಕ್ಕೂ ಲಿಫ್ಟು, ಏಸಿ, ಚಾವಣಿ ಅಂತ ಹಾಗೇ ಇರ್ತದೆ. ಅದನ್ನೂ ಕಳೆದು ಉಳಿಯೋದಕ್ಕೆ ಎಎಫ್‌ಎಫ್‌ಓ ಅಂತಾರೆ. ಇದರಲ್ಲೇ ಇನ್ನೊಂದು ಕಳೆಯೋದಿದೆ. ಹತ್ತು ವರ್ಷದ ಕರಾರಿನಲ್ಲಿ ಬಾಡಿಗೆ ವರ್ಷಕ್ಕೆ ಮೂರು ಪರ್ಸೆಂಟ್ ಏರೋದಾದ್ರೆ ಲೆಕ್ಕದವರು ಹತ್ತೂ ವರ್ಷದ್ದು ಕೂಡ್ಸಿ ಸರಾಸರಿ ಹಾಕ್ತಾರೆ, ಅಂದ್ರೆ ಮೊದಲ ವರ್ಷಗಳಲ್ಲಿ ಕೈಗೆ ಬರದೇ ಇರೋ ಬಾಡಿಗೆಯೂ ಆದಾಯ ಅಂತ ಕಾಣ್ತದೆ. ಬಾಡಿಗೆದಾರ ಐದನೇ ವರ್ಷಕ್ಕೆ ಬಾಗಿಲು ಹಾಕಿದ್ರೆ ಆ ಆದಾಯ ಬರೋದೇ ಇಲ್ಲ.

ಸುಮ್ನೆ ಒಂದು ಲೆಕ್ಕ ಹಾಕೋಣ, ಇದು ನಾನೇ ಕಟ್ಟಿದ ಲೆಕ್ಕ. ಲಾಭ 40 ಕೋಟಿ, ಡಿಪ್ರಿಸಿಯೇಶನ್ 60 ಕೋಟಿ, ಕಟ್ಟಡ ಮಾರಿ ಬಂದ ಲಾಭ 15 ಕೋಟಿ. ಎಫ್‌ಎಫ್‌ಓ 85 ಕೋಟಿ. ರಿಪೇರಿ 12, ಕೈಗೆ ಬರದ ಬಾಡಿಗೆ 8, ಎರಡೂ ಕಳೆದ್ರೆ ಎಎಫ್‌ಎಫ್‌ಓ 65. ಕಂಪನಿ ಡಿವಿಡೆಂಡ್ ಹಂಚಿದ್ದು 70. ಲಾಭಕ್ಕೆ ಹೋಲಿಸಿದ್ರೆ ಭಯ ಆಗ್ತದೆ, ಎಫ್‌ಎಫ್‌ಓಗೆ ಹೋಲಿಸಿದ್ರೆ ಆರಾಮಾಗಿದೆ ಅನ್ನಿಸ್ತದೆ, ಖರೆ ಅಂದ್ರೆ ಐದು ಕೋಟಿ ಸಾಲ ಮಾಡಿಯೋ ಆಸ್ತಿ ಮಾರಿಯೋ ಹಂಚಿದಾರೆ. ಮಗನಿಗೆ ಹೇಳಿ, ಎಎಫ್‌ಎಫ್‌ಓ ಎಷ್ಟು, ಅದರಲ್ಲಿ ಡಿವಿಡೆಂಡ್ ಎಷ್ಟು ಪಾಲು ಅಂತ ಐದು ವರ್ಷದ್ದು ಬರ್ದು ಕಳ್ಸು ಅಂತ. ನೂರಕ್ಕೆ ಎಪ್ಪತ್ತು-ಎಂಬತ್ತರ ಒಳಗಿದ್ರೆ ಉಸಿರಾಡೋದಕ್ಕೆ ಜಾಗ ಇದೆ ಅಂತ ನಾನು ತಿಳ್ಕೊಳ್ತೇನೆ, ತೊಂಬತ್ತೈದು ದಾಟಿದ್ರೆ ಇಲ್ಲ.

ಇನ್ನು ಎಂಟು-ಹತ್ತು ಪರ್ಸೆಂಟ್ ಅನ್ನೋದು. ನೂರು ರೂಪಾಯಿ ಶೇರಿಗೆ ಆರು ರೂಪಾಯಿ ಡಿವಿಡೆಂಡ್ ಇತ್ತು, ಆರು ಪರ್ಸೆಂಟ್. ಜನ ಹೆದ್ರಿ ಮಾರಿ ಶೇರು ಅರವತ್ತಕ್ಕೆ ಬಿತ್ತು, ಅದೇ ಆರು ರೂಪಾಯಿ ಈಗ ಹತ್ತು ಪರ್ಸೆಂಟ್ ಆಯ್ತು. ಹತ್ತು ಕಂಡ ಕೂಡ್ಲೇ ಇದು ಯಾಕೆ ಇಷ್ಟು ಅಗ್ಗ ಆಯ್ತು ಅಂತ ಕೇಳ್ಕೊಳ್ಬೇಕು.

ಕಾಯಿಲೆ ನಿಲ್ಲೋದಿಲ್ಲ ಅನ್ನೋದು ನಿಜ, ಆದ್ರೆ ಪೇಶೆಂಟ್ ಬರೋದು ಬೇರೆ, ಆಸ್ಪತ್ರೆಗೆ ದುಡ್ಡು ಉಳಿಯೋದು ಬೇರೆ. ಹೆಚ್‌ಸಿಪಿ ಅನ್ನೋ ದೊಡ್ಡ ರೀಟ್ 2011ರಲ್ಲಿ ಮ್ಯಾನರ್‌ಕೇರ್ ಅನ್ನೋ ನರ್ಸಿಂಗ್ ಹೋಮ್ (ಅಲ್ಲಿ ಹಾಗಂದ್ರೆ ವಯಸ್ಸಾದವರ ಆರೈಕೆಯ ಮನೆ, ನಮ್ಮಲ್ಲಿಯ ಸಣ್ಣ ಆಸ್ಪತ್ರೆಯಲ್ಲ) ಸರಪಳಿಯ ಕಟ್ಟಡಗಳನ್ನ 610 ಕೋಟಿ ಡಾಲರ್ ಕೊಟ್ಟು ಕೊಂಡ್ತು. ಅದೇ ವರ್ಷ ಅಕ್ಟೋಬರ್‌ನಿಂದ ಅಮೆರಿಕಾ ಸರ್ಕಾರ ಮೆಡಿಕೇರ್ ಅನ್ನೋ ವಯಸ್ಸಾದವರ ಆರೋಗ್ಯ ವಿಮೆ ಯೋಜನೆಯಲ್ಲಿ ಈ ನರ್ಸಿಂಗ್ ಹೋಮ್‌ಗಳಿಗೆ ಕೊಡೋ ರೇಟನ್ನ 11.1 ಪರ್ಸೆಂಟ್ ಇಳಿಸ್ತು. ಹಾಸಿಗೆಯಲ್ಲಿ ಜನ ಇದ್ರು, ಬಾಡಿಗೆ ಕಟ್ಟೋದಕ್ಕೆ ದುಡ್ಡು ಸಾಲ್ಲಿಲ್ಲ, 2018ರಲ್ಲಿ ಮ್ಯಾನರ್‌ಕೇರ್ ದಿವಾಳಿ ಅರ್ಜಿ ಹಾಕ್ತು. ಕೋವಿಡ್‌ನಲ್ಲಿ ಇನ್ನೊಂದು ತರ ಆಯ್ತು, ವೃದ್ಧರ ಮನೆಗಳಿಗೆ ಹೊಸಬರು ಬರೋದು ನಿಂತು, 2020ರಲ್ಲಿ ವೆಲ್‌ಟವರ್ ಮೂರು ತಿಂಗಳ ಡಿವಿಡೆಂಡನ್ನ 87 ಸೆಂಟ್‌ನಿಂದ 61ಕ್ಕೆ ಇಳಿಸ್ತು, ವೆಂಟಾಸ್ 79ರ ಮೇಲಿದ್ದಿದ್ದನ್ನ 45ಕ್ಕೆ. ಇವೆರಡೂ ಆಮೇಲೆ ಚೇತರಿಸ್ಕೊಂಡ್ವು, ಹಾಗಾಗಿ ಡಿವಿಡೆಂಡ್ ಇಳಿಸಿದ ಕಂಪನಿ ಎಲ್ಲ ಹಾಳು ಅಂತ ನಾನು ಹೇಳೋದಿಲ್ಲ, ಸಮಯಕ್ಕೆ ಸರಿಯಾಗಿ ಇಳಿಸಿ ದುಡ್ಡು ಉಳಿಸ್ಕೊಂಡಿದ್ದೇ ಅವರ ಜಾಣತನ.

ಮತ್ತೊಂದು ಸಣ್ಣ ವಿಷಯ, ಇಲ್ಲಿಂದ ಕೊಂಡ್ರೆ ಆ ಡಿವಿಡೆಂಡ್ ಮೇಲೆ ಅಮೆರಿಕಾದಲ್ಲೇ 25 ಪರ್ಸೆಂಟ್ ತೆರಿಗೆ ಹಿಡ್ದು ಕೊಡ್ತಾರೆ, ಇಲ್ಲಿ ರಿಟರ್ನ್ ಹಾಕುವಾಗ ಅದಕ್ಕೆ ಕ್ರೆಡಿಟ್ ತಗೋಬೇಕು. ಆಡಿಟರ್‌ಗೆ ಮೊದಲೇ ಹೇಳಿಡಿ.

ಪ್ರಶ್ನೆ: ನಾನು ಕೈಗಾದಲ್ಲಿ ಕೆಲಸ ಮಾಡಿ ರಿಟೈರ್ ಆದವ. 2021ರಲ್ಲಿ ಮೆಡಿಕಲ್ ಪ್ರಾಪರ್ಟೀಸ್ ಟ್ರಸ್ಟ್ ಅನ್ನೋ ಅಮೆರಿಕಾದ ಆಸ್ಪತ್ರೆ ಕಟ್ಟಡಗಳ ರೀಟ್ ಶೇರು 20 ಡಾಲರ್ ಮೇಲೆ ಕೊಂಡಿದ್ದೆ, ಆಮೇಲೆ ಅದರ ಬೆಲೆ ಬಿದ್ದ ಕಥೆ ನಿಮಗೆ ಗೊತ್ತೇ ಇದೆ. ಮೊದಲೇ ಗೊತ್ತಾಗೋ ಹಾಗೆ ಏನಾದ್ರೂ ಇತ್ತಾ? (ಕಾರವಾರ)

ಉತ್ತರ: ಇತ್ತು ಸರ್. ಹಿಂದಿನದ್ದನ್ನ ಕೆದಕಿ ನಿಮಗೆ ನೋವು ಮಾಡೋದಕ್ಕಲ್ಲ, ಉಳಿದ ಓದುಗರಿಗೆ ಇದಕ್ಕಿಂತ ಒಳ್ಳೆ ಪಾಠ ಸಿಗೋದಿಲ್ಲ ಅಂತ ಉದ್ದಕ್ಕೆ ಬರೀತಾ ಇದ್ದೇನೆ.

ಮೊದಲು ನಮ್ಮನೆ ಕಥೆ ಹೇಳ್ತೇನೆ. ಕುಮಟಾದಲ್ಲಿ ನಮ್ಮ ಸೋದರಮಾವನದ್ದೊಂದು ಎರಡು ಮಹಡಿ ಕಟ್ಟಡ ಇತ್ತು, ನರ್ಸಿಂಗ್ ಹೋಮಿಗೆ ಬಾಡಿಗೆಗೆ ಕೊಟ್ಟಿದ್ರು. ಮಾವನ ಹತ್ರ ರಟ್ಟಿನ ಹೊದಿಕೆಯ ಲೆಕ್ಕದ ಪುಸ್ತಕ, ತಿಂಗಳ ಐದನೇ ತಾರೀಕಿಗೆ ನೀಲಿ ಪೆನ್ನಲ್ಲಿ ಬಾಡಿಗೆ ಜಮಾ ಅಂತ ಒಂದು ಸಾಲು. ಮೂರು ವರ್ಷ ಒಂದು ಸಾಲೂ ತಪ್ಪಿಲ್ಲ. ನಾಲ್ಕನೇ ವರ್ಷ ನಡೆಸ್ತಿದ್ದವರು ಬಂದು ಜನರೇಟರ್ ತಗೊಳ್ಳೋದಿದೆ, ಎರಡು ಲಕ್ಷ ಕೈಗಡ ಕೊಡಿ ಅಂದ್ರು, ಮಾವ ಕೊಟ್ರು, ಆಸ್ಪತ್ರೆ ನಡೀಲಿ ಊರಿಗೂ ಬೇಕು ಅಂತ. ಆಮೇಲೂ ಬಾಡಿಗೆ ಸರಿಯಾಗಿ ಬಂತು, ಪುಸ್ತಕದಲ್ಲಿ ನೀಲಿ ಸಾಲು ಹಾಗೇ ಮುಂದುವರೀತು. ಆರು ತಿಂಗಳಿಗೆ ಇನ್ನೊಂದು ಲಕ್ಷ. ನಾನಾಗ ಬ್ಯಾಂಕಿಗೆ ಹೊಸದಾಗಿ ಸೇರಿದವ, ಒಂದಿನ ಪುಸ್ತಕ ತಿರುವಿ ಹಾಕಿ ನೋಡ್ದೆ, ಮಾವ ಕೊಟ್ಟ ಕೈಗಡ ಒಟ್ಟು ಮೂರು ಲಕ್ಷ, ಆಮೇಲೆ ಬಂದ ಬಾಡಿಗೆಯೂ ಹತ್ತಿರ ಹತ್ತಿರ ಅಷ್ಟೇ. ಜನರೇಟರ್ ಇಟ್ಟಿದ್ದ ಜಾಗದಲ್ಲಿ ಹಳೇದೇ ಇತ್ತು. ಮಾವನ ದುಡ್ಡೇ ಮಾವನಿಗೆ ಬಾಡಿಗೆಯಾಗಿ ಬರ್ತಾ ಇತ್ತು. ವರ್ಷದೊಳಗೆ ನರ್ಸಿಂಗ್ ಹೋಮ್ ಮುಚ್ತು, ಕಟ್ಟಡ ಎರಡು ವರ್ಷ ಖಾಲಿ ಬಿತ್ತು. ಸಣ್ಣ ಸಣ್ಣ ವಾರ್ಡು, ಗೋಡೆ ತುಂಬ ಪೈಪು, ಎಕ್ಸ್‌ರೇ ಕೋಣೆಗೆ ಬೇರೆಯೇ ನಮೂನೆ ಗೋಡೆ, ಬಟ್ಟೆ ಅಂಗಡಿಯವರು ಬಂದು ನೋಡಿ ಹಾಗೇ ಹೋದ್ರು.

ಈಗ ನಿಮ್ಮ ಕಂಪನಿ ನೋಡಿ. 2016ರಲ್ಲಿ ಅವರು ಸ್ಟೂವರ್ಡ್ ಅನ್ನೋ ಆಸ್ಪತ್ರೆ ಸಮೂಹದ ಮ್ಯಾಸಚೂಸೆಟ್ಸ್ ಕಟ್ಟಡಗಳನ್ನ ಕೊಂಡು ಅದಕ್ಕೇ ಬಾಡಿಗೆಗೆ ಕೊಟ್ರು, ಸುಮಾರು 125 ಕೋಟಿ ಡಾಲರ್ ವ್ಯವಹಾರ. ಆಮೇಲೆ ಅದು ಬೆಳೀತಾ ಹೋಗಿ 2022ರ ಹೊತ್ತಿಗೆ ಕಂಪನಿಯ ಆದಾಯದಲ್ಲಿ ಐದರಲ್ಲೊಂದು ಪಾಲಿಗಿಂತ ಜಾಸ್ತಿ ಈ ಒಬ್ಬನೇ ಬಾಡಿಗೆದಾರನಿಂದ ಬರ್ತಿತ್ತು. ಇದು ಮೊದಲನೇ ಗುರುತು, ವಾರ್ಷಿಕ ವರದಿಯಲ್ಲಿ ಎಲ್ರಿಗೂ ಕಾಣೋ ಹಾಗೇ ಇತ್ತು. ಎರಡನೇದು, ಬಾಡಿಗೆ ತಗೊಳ್ಳೋ ಕಂಪನಿಯೇ ಬಾಡಿಗೆದಾರನಿಗೆ ಸಾಲ ಕೊಡ್ತಾ ಇತ್ತು. ಮೂರನೇದು, ಸ್ಟೂವರ್ಡ್ ಖಾಸಗಿ ಕಂಪನಿ, ತನ್ನ ಲೆಕ್ಕ ಸಾರ್ವಜನಿಕವಾಗಿ ತೋರಿಸ್ಬೇಕಾದ ಜರೂರು ಇರ್ಲಿಲ್ಲ, ಮ್ಯಾಸಚೂಸೆಟ್ಸ್ ಸರ್ಕಾರ ಕೇಳಿದ್ರೂ ಕೊಡೋದಕ್ಕೆ ಒಪ್ಪದೇ ಕೋರ್ಟಿಗೆ ಹೋಗಿತ್ತು. 2023ರ ಆಗಸ್ಟ್‌ನಲ್ಲಿ ಡಿವಿಡೆಂಡ್ 29 ಸೆಂಟ್‌ನಿಂದ 15ಕ್ಕೆ ಇಳೀತು. 2024ರ ಜನವರಿಯಲ್ಲಿ ಕಂಪನಿ ಬಾಯ್ಬಿಟ್ಟು ಹೇಳ್ತು, ಸ್ಟೂವರ್ಡ್‌ನಿಂದ ಸುಮಾರು 5 ಕೋಟಿ ಡಾಲರ್ ಬಾಡಿಗೆ ಬಾಕಿ ಇದೆ, ಅದಕ್ಕೆ ಮತ್ತೆ 6 ಕೋಟಿ ಡಾಲರ್ ಸಾಲ ಕೊಡ್ತಾ ಇದ್ದೇವೆ ಅಂತ. ಬಾಕಿಗಿಂತ ಸಾಲ ದೊಡ್ಡದು! ಅದನ್ನ ಓದಿದಾಗ ನಂಗೆ ಮಾವನ ಪುಸ್ತಕವೇ ಕಣ್ಣ ಮುಂದೆ ಬಂತು. ಅದೇ ಮೇ ತಿಂಗಳಲ್ಲಿ ಸ್ಟೂವರ್ಡ್ ದಿವಾಳಿ ಅರ್ಜಿ ಹಾಕ್ತು, ಎಂಟು ರಾಜ್ಯಗಳಲ್ಲಿ 30ರ ಮೇಲೆ ಆಸ್ಪತ್ರೆ, ಅದರಲ್ಲಿ ಮ್ಯಾಸಚೂಸೆಟ್ಸ್‌ನ ಕಾರ್ನಿ ಮತ್ತು ನಶೋಬಾ ವ್ಯಾಲಿ ಆಸ್ಪತ್ರೆಗಳು ಆಗಸ್ಟ್ 31ಕ್ಕೆ ಬಾಗಿಲೇ ಹಾಕಿದ್ವು. ಡಿವಿಡೆಂಡ್ 8 ಸೆಂಟ್‌ಗೆ ಬಂತು. ಶೇರುದಾರರಿಗೆ ದುಡ್ಡು ಹೋಯ್ತು, ಆ ಊರಿನವರಿಗೆ ಎಮರ್ಜೆನ್ಸಿಯೇ ಹೋಯ್ತು, ನಮ್ಮ ಜಿಲ್ಲೆಯವರಿಗೆ ಆ ಸಂಕಟ ಬೇರೆ ಬಿಡಿಸಿ ಹೇಳೋದು ಬೇಡ.

ಹಾಗಾದ್ರೆ ಬಾಡಿಗೆದಾರನನ್ನ ಅಳೆಯೋದು ಹೇಗೆ? ಒಂದೇ ಅಂಕಿ ಕೇಳಿ, ರೆಂಟ್ ಕವರೇಜ್. ಆಸ್ಪತ್ರೆಗೆ ಬಾಡಿಗೆ, ಬಡ್ಡಿ, ತೆರಿಗೆ, ಡಿಪ್ರಿಸಿಯೇಶನ್ ಇಷ್ಟನ್ನ ಬಿಟ್ಟು ಬಾಕಿ ಖರ್ಚೆಲ್ಲ ಕಳೆದು ಉಳಿಯೋ ದುಡ್ಡು ಬಾಡಿಗೆಯ ಎಷ್ಟು ಪಟ್ಟು ಅಂತ. ಒಂದು ಆಸ್ಪತ್ರೆಗೆ ವರ್ಷಕ್ಕೆ 30 ಕೋಟಿ ಆದಾಯ, ಬಾಡಿಗೆ ಬಿಟ್ಟು ಖರ್ಚು 24 ಕೋಟಿ ಅಂದ್ಕೊಳ್ಳಿ. ಉಳಿಯೋದು 6, ಬಾಡಿಗೆ 5, ಅಂದ್ರೆ 1.2 ಪಟ್ಟು. ನರ್ಸ್‌ಗಳ ಸಂಬಳ ಔಷಧಿ ಎಲ್ಲ ಸೇರಿ ಖರ್ಚು ಬರೀ ಐದು ಪರ್ಸೆಂಟ್ ಏರ್ಲಿ, 25.2 ಆಯ್ತು, ಉಳಿಯೋದು 4.8, ಬಾಡಿಗೆಗೇ ಸಾಲೋದಿಲ್ಲ. ಐದೇ ಪರ್ಸೆಂಟ್! ಅದಕ್ಕೇ ನಾನು ಆಸ್ಪತ್ರೆಗೆ ಎರಡು ಪಟ್ಟಾದ್ರೂ ಇರ್ಲಿ ಅಂತೇನೆ. ಅಮೆರಿಕಾದ ನರ್ಸಿಂಗ್ ಹೋಮ್‌ಗಳಲ್ಲಿ ಇದು ಸಹಜವಾಗೇ ಕಮ್ಮಿ ಇರ್ತದೆ, ಅಲ್ಲಿ ಅಂಕಿ ವರ್ಷದಿಂದ ವರ್ಷಕ್ಕೆ ಏರ್ತಾ ಇದ್ಯಾ ಇಳೀತಾ ಇದ್ಯಾ ಅಂತ ನೋಡಿ. ಮತ್ತೆ ಕಂಪನಿ ಎಲ್ಲ ಬಾಡಿಗೆದಾರರನ್ನೂ ಕೂಡ್ಸಿ ಸರಾಸರಿ ಕೊಟ್ರೆ ತೃಪ್ತಿ ಪಡ್ಬೇಡಿ, ಒಬ್ಬ ಮೂರು ಪಟ್ಟು ಇನ್ನೊಬ್ಬ ಮುಕ್ಕಾಲು ಪಟ್ಟು ಇದ್ರೂ ಸರಾಸರಿ ಚಂದವೇ ಕಾಣ್ತದೆ, ಬಾಗಿಲು ಹಾಕೋದು ಮುಕ್ಕಾಲಿನವ.

ಈಗ ಮಾರ್ಲಾ ಇಟ್ಕೊಳ್ಲಾ ಅಂತ ನೀವು ಕೇಳಿಲ್ಲ, ಆದ್ರೂ ಮನಸ್ಸಲ್ಲಿ ಇದ್ದೇ ಇರ್ತದೆ. ಸ್ಟೂವರ್ಡ್ ಬಿಟ್ಟ ಕಟ್ಟಡಗಳಿಗೆ ಹೊಸಬರು ಬಂದಿದಾರೆ, ಬಾಡಿಗೆ ಹಂತ ಹಂತವಾಗಿ ಪೂರ್ತಿಗೆ ಏರಿಸೋ ಕರಾರು. ಹಂಗಾಗಿ ನೀವು ಕೊಂಡ ರೇಟು ಮರ್ತು, ಪ್ರತಿ ಮೂರು ತಿಂಗಳ ವರದಿಯಲ್ಲಿ ಆ ಹೊಸಬರ ಬಾಡಿಗೆ ನಗದಾಗಿ ಎಷ್ಟು ಬಂತು ಅನ್ನೋ ಸಾಲು ಹುಡುಕಿ. ಹೇಳಿದಷ್ಟು ಬರ್ತಾ ಇದ್ರೆ ಕೂತ್ಕೊಳ್ಳಿ. ಮತ್ತೆ ರಿಯಾಯಿತಿ, ಮತ್ತೆ ಸಾಲ ಅನ್ನೋ ಮಾತು ಕಂಡ್ರೆ ಹೊರಗೆ ಬನ್ನಿ.

ಪ್ರಶ್ನೆ: ಸರ್, ರೀಟ್‌ಗೆ ಸಾಲ ಎಷ್ಟಿದ್ರೆ ಜಾಸ್ತಿ? ಯೂಟ್ಯೂಬ್‌ನಲ್ಲಿ ಒಬ್ಬೊಬ್ರು ಒಂದೊಂದು ಹೇಳ್ತಾರೆ. (ಅಂಕೋಲಾ)

ಉತ್ತರ: ತಮ್ಮಾ, ನಮ್ಮ ದೇಶದ ರೀಟ್‌ಗೆ ಸೆಬಿ ಮಿತಿ ಇದೆ, ಆಸ್ತಿ ಬೆಲೆಯ 49 ಪರ್ಸೆಂಟ್ ದಾಟಬಾರ್ದು, 25 ದಾಟೋದಿದ್ರೆ ಕ್ರೆಡಿಟ್ ರೇಟಿಂಗೂ ಯೂನಿಟ್‌ದಾರರ (ರೀಟ್‌ನಲ್ಲಿ ದುಡ್ಡು ಹಾಕಿದವರ) ಒಪ್ಪಿಗೆಯೂ ಬೇಕು. ಅಮೆರಿಕಾದಲ್ಲಿ ಆ ಮಿತಿ ಇಲ್ಲ, ಅಲ್ಲಿ ನಿವ್ವಳ ಸಾಲ ವರ್ಷದ ಎಬಿಟ್ಡಾದ (ಬಡ್ಡಿ, ತೆರಿಗೆ, ಡಿಪ್ರಿಸಿಯೇಶನ್ ಕಳೆಯೋ ಮೊದಲಿನ ಗಳಿಕೆ) ಐದಾರು ಪಟ್ಟು ಇದ್ರೆ ವಾಡಿಕೆ ಅಂತಾರೆ, ಏಳು ದಾಟಿದ್ರೆ ನಂಗೆ ಹಿಡಿಸೋದಿಲ್ಲ. ಆದ್ರೆ ಎಷ್ಟು ಅನ್ನೋದಕ್ಕಿಂತ ಯಾವಾಗ ತೀರಿಸ್ಬೇಕು ಅನ್ನೋದೇ ಜೀವ ತೆಗೆಯೋದು. ನಿಮ್ಮನೆಯಲ್ಲಿ ಬೆಳೆಸಾಲ ಇದ್ರೆ ಗೊತ್ತಿರ್ತದೆ, ಮಾರ್ಚ್ ಬಂತು ಅಂದ್ರೆ ಎಲ್ಲಿಂದಾದ್ರೂ ದುಡ್ಡು ಹೊಂದಿಸಿ ಕಟ್ಟಿ ಮತ್ತೆ ತೆಗೀಬೇಕು, ಸೊಸೈಟಿ ಮತ್ತೆ ಕೊಡ್ತದೆ ಅನ್ನೋ ಧೈರ್ಯದ ಮೇಲೆ. ರೀಟ್ ಕೂಡ ಹಾಗೇ, ಲಾಭ ಹಂಚಿ ಆಗಿರ್ತದಲ್ಲ, ಹಳೇ ಸಾಲ ತೀರಿಸೋದು ಹೊಸ ಸಾಲದಿಂದಲೇ. 2021ರಲ್ಲಿ ಮೂರು ಪರ್ಸೆಂಟ್‌ಗೆ ತಂದ ಸಾಲ 2023ರ ನಂತರ ಆರಕ್ಕೋ ಏಳಕ್ಕೋ ಬದಲಾದ್ರೆ ಬಾಡಿಗೆ ಒಂದು ರೂಪಾಯಿ ಕಮ್ಮಿ ಆಗ್ದಿದ್ರೂ ಡಿವಿಡೆಂಡ್ ಸೊರಗ್ತದೆ. ವಾರ್ಷಿಕ ವರದಿಯಲ್ಲಿ ಯಾವ ವರ್ಷ ಎಷ್ಟು ಸಾಲ ವಾಯಿದೆಗೆ ಬರ್ತದೆ ಅಂತ ಒಂದು ಪಟ್ಟಿ ಇರ್ತದೆ, ಅದನ್ನ ಮೊದಲು ತೆಗೀರಿ. ಮುಂದಿನ ಎರಡು ವರ್ಷದಲ್ಲೇ ಮೂರನೇ ಒಂದು ಭಾಗ ಬಂದು ಬೀಳೋದಾದ್ರೆ ನಾನಂತೂ ಕೈ ಹಾಕೋದಿಲ್ಲ. ಬಡ್ಡಿ ಫಿಕ್ಸೆಡ್ಡಾ ಫ್ಲೋಟಿಂಗಾ ಅಂತಲೂ ಅಲ್ಲೇ ಕೆಳಗೆ ಬರ್ದಿರ್ತದೆ.

ಪ್ರಶ್ನೆ: ನಾನು ರಿಟೈರ್ಡ್ ಶಿಕ್ಷಕಿ. ನಮ್ಮ ಕಡೆ ಒಬ್ಬ ಡಾಕ್ಟರು ಹೊಸ ಆಸ್ಪತ್ರೆ ಕಟ್ಸ್ತಾ ಇದಾರೆ, ಊರವರೇ ಸೇರಿ ಕಟ್ಟಡಕ್ಕೆ ಕಂಪನಿ ಮಾಡೋದು, ಐದೈದು ಲಕ್ಷ ಹಾಕಿದವರಿಗೆ ತಿಂಗಳಿಗೆ ಒಂದು ಪರ್ಸೆಂಟ್ ಬಾಡಿಗೆ ಪಾಲು ಅಂತಾರೆ. ನಮ್ಮ ಜಿಲ್ಲೆಗೆ ಆಸ್ಪತ್ರೆ ಬೇಕೇ ಬೇಕಲ್ಲ, ಗ್ರಾಚ್ಯುಟಿ ದುಡ್ಡು ಹಾಕ್ಲಾ? (ಹೊನ್ನಾವರ)

ಉತ್ತರ: ಅಕ್ಕೋರೆ, ನಿಮ್ಮ ಪತ್ರ ಎರಡು ಸಲ ಓದಿದೆ. 2022ರ ಜುಲೈನಲ್ಲಿ ನಿಮ್ಮೂರಿಂದಲೇ ಪೇಶೆಂಟ್ ಕರ್ಕೊಂಡು ಹೊರಟ ಆಂಬ್ಯುಲೆನ್ಸ್ ಶಿರೂರು ಟೋಲ್ ಹತ್ರ ಮಳೆಯಲ್ಲಿ ಪಲ್ಟಿಯಾಗಿ ನಾಲ್ಕು ಜನ ಹೋದ್ರು. ಹಾರ್ಟ್ ಅಟ್ಯಾಕ್ ಆದ್ರೆ ಮಣಿಪಾಲವೋ ಮಂಗಳೂರೋ ಗೋವಾವೋ ಹುಬ್ಬಳ್ಳಿಯೋ ಅಂತ ಓಡೋ ಜಿಲ್ಲೆ ನಮ್ದು. ಹಾಗಾಗಿ ಆಸ್ಪತ್ರೆ ಅಂದ ಕೂಡ್ಲೇ ನಿಮ್ಮ ಕೈ ಪರ್ಸಿಗೆ ಹೋಗಿದ್ದು ನಂಗೆ ಅರ್ಥ ಆಗ್ತದೆ. ಆದ್ರೆ ಊರಿಗೆ ಅಂತ ಕೊಡೋ ದುಡ್ಡು ಬೇರೆ, ತಿಂಗಳ ಖರ್ಚಿಗೆ ವಾಪಸ್ ಬರ್ಬೇಕಾದ ದುಡ್ಡು ಬೇರೆ. ಐವತ್ತು ಸಾವಿರ ದೇಣಿಗೆ ಕೊಡಿ, ನಾನೂ ಕೊಡ್ತೇನೆ. ಗ್ರಾಚ್ಯುಟಿ ಹಾಕೋದಾದ್ರೆ ಮೇಲೆ ಬರ್ದ ಲೆಕ್ಕವೆಲ್ಲ ಇಲ್ಲೂ ಹಾಕ್ಲೇಬೇಕು.

ತಿಂಗಳಿಗೆ ಒಂದು ಅಂದ್ರೆ ವರ್ಷಕ್ಕೆ ಹನ್ನೆರಡು. ಕಟ್ಟಡ ಐದು ಕೋಟಿದು ಅಂದ್ಕೊಳ್ಳಿ, ವರ್ಷಕ್ಕೆ ಅರವತ್ತು ಲಕ್ಷ ಬಾಡಿಗೆ. ಹೊಸ ಆಸ್ಪತ್ರೆಗೆ ಪೇಶೆಂಟ್‌ಗಳು ಅಭ್ಯಾಸ ಆಗೋದಕ್ಕೇ ಎರಡು ಮೂರು ವರ್ಷ ಬೇಕು, ಸರ್ಕಾರಿ ಆರೋಗ್ಯ ಯೋಜನೆಯ ಕೇಸು ತಗೊಂಡ್ರೆ ರೇಟು ಸರ್ಕಾರದ್ದು, ದುಡ್ಡು ಬರೋದು ಆಮೇಲೆ. ಮೊದಲ ತಿಂಗಳಿಂದಲೇ ಆ ಅರವತ್ತು ಲಕ್ಷ ಎಲ್ಲಿಂದ ಬರ್ತದೆ ಅಂತ ಡಾಕ್ಟರ್ ಹತ್ರ ನೇರ ಕೇಳಿ, ಕೇಳೋದ್ರಲ್ಲಿ ಮರ್ಯಾದೆ ಕಮ್ಮಿ ಆಗೋದಿಲ್ಲ. ಹೊಸಬರು ಹಾಕೋ ದುಡ್ಡಿಂದ ಹಳಬರಿಗೆ ಬಾಡಿಗೆ ಅಂತಾದ್ರೆ ಅದು ಮಾವನ ಪುಸ್ತಕವೇ.

ಕಾನೂನಿನ ಕಡೆಯೂ ಇದೆ. ಖಾಸಗಿ ಕಂಪನಿ ಹೀಗೆ ಊರೂರು ಸುತ್ತಿ ಯಾರ ಹತ್ರ ಬೇಕಾದ್ರೂ ಶೇರು ದುಡ್ಡು ಎತ್ತೋ ಹಾಗಿಲ್ಲ, ಆಯ್ದ ಜನಕ್ಕೆ ಮಾತ್ರ, ಅದೂ ವರ್ಷಕ್ಕೆ 200 ಜನರ ಮಿತಿ. ಸಣ್ಣ ಆಸ್ತಿಗಳಿಗೆ ಅಂತ ಸೆಬಿ 2024ರಲ್ಲಿ ಎಸ್‌ಎಂ ರೀಟ್ ತಂದಿದೆ, ಅದಕ್ಕೂ ಆಸ್ತಿ 50 ಕೋಟಿ ಇರ್ಬೇಕು, ಒಬ್ಬೊಬ್ರು ಕನಿಷ್ಠ 10 ಲಕ್ಷ ಹಾಕ್ಬೇಕು, ನಿಮ್ಮೂರ ಯೋಜನೆ ಅದರೊಳಗೆ ಬರೋದಿಲ್ಲ. ಹಾಗಾಗಿ ನಿಮಗೆ ಕಾವಲಿಗೆ ಇರೋದು ಕಾಗದಪತ್ರ ಮಾತ್ರ. ಮೂರು ಕೇಳಿ. ಜಾಗದ ಪಹಣಿ ಮತ್ತು ಎನ್‌ಎ (ಕೃಷಿಯೇತರ ಬಳಕೆ) ಆದೇಶ, ಜಾಗ ಕಂಪನಿ ಹೆಸರಲ್ಲಿದ್ಯಾ ಡಾಕ್ಟರ್ ಹೆಸರಲ್ಲಿದ್ಯಾ ಅಂತ ಅದರಲ್ಲೇ ಗೊತ್ತಾಗ್ತದೆ, ಡಾಕ್ಟರ್ ಹೆಸರಲ್ಲೇ ಇದ್ರೆ ನೀವು ದುಡ್ಡು ಹಾಕಿದ ಕಂಪನಿಗೆ ಆಸ್ತಿಯೇ ಇಲ್ಲ. ಆಸ್ಪತ್ರೆಗೂ ಕಟ್ಟಡದ ಕಂಪನಿಗೂ ನಡುವಿನ ಬಾಡಿಗೆ ಕರಾರು, ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ನೋಂದಣಿ ಆಗಿರ್ಬೇಕು, ಎಷ್ಟು ವರ್ಷ ಬಿಡೋ ಹಾಗಿಲ್ಲ ಅಂತ ಬರ್ದಿರ್ಬೇಕು. ಮತ್ತೆ ಆ ಡಾಕ್ಟರ್ ಈಗ ನಡೆಸ್ತಾ ಇರೋ ಕ್ಲಿನಿಕ್ಕಿನ ಮೂರು ವರ್ಷದ ಆಡಿಟ್ ಆದ ಲೆಕ್ಕ, ನಾಳೆ ಬಾಡಿಗೆ ಕೊಡೋರು ಅವರೇ ಅಲ್ವಾ.

ಅವರು ಮೂರೂ ಕೊಟ್ರೆ ಜೆರಾಕ್ಸ್ ಮಾಡ್ಸಿ ಪತ್ರಿಕೆ ವಿಳಾಸಕ್ಕೆ ಕಳ್ಸಿ ಅಕ್ಕೋರೆ, ಮುಂದಿನ ಸಂಚಿಕೆಗೆ ಕಾಯೋದು ಬೇಡ, ಓದಿ ನಿಮಗೇ ನೇರವಾಗಿ ಬರೀತೇನೆ. ಅಲ್ಲಿವರೆಗೆ ದುಡ್ಡು ಪೋಸ್ಟಾಫೀಸಲ್ಲೇ ಇರ್ಲಿ.